ಜಮೀನು ಕೊಟ್ಟರು, ಬೀಗದ ಕೈ ಕೊಡಲಿಲ್ಲ: ಪೆರುವಿನ ಸೈನಿಕರ ಭೂಸುಧಾರಣೆ

(ಒಂದು ಸಂಜೆ ಆಡಿದ ಮಾತಿನ ಬರಹ ರೂಪ ಇದು. ಮಾತಾಡುವಾಗ ಅಲ್ಲಲ್ಲಿ ಸುತ್ತಿ ಬಳಸಿ ಹೋಗಿದ್ದೆ, ಅದನ್ನು ಸ್ವಲ್ಪ ನೇರ ಮಾಡಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ದಕ್ಷಿಣ ಅಮೆರಿಕದ ಸೈನಿಕ ಆಡಳಿತ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಒಂದು ಚಿತ್ರ ಬರುತ್ತದೆ. ಕಪ್ಪು ಕನ್ನಡಕ ಹಾಕಿದ ಜನರಲ್, ಅವನ ಬೆನ್ನಿಗೆ ದೊಡ್ಡ ಜಮೀನ್ದಾರರು, ಅವರ ಬೆನ್ನಿಗೆ ಅಮೆರಿಕದ ಕಂಪನಿ. ಚಿಲಿಯ ಮಟ್ಟಿಗೆ ಆ ಚಿತ್ರ ಸುಳ್ಳಲ್ಲ. ಆದರೆ ಪಕ್ಕದ ಪೆರುವಿನಲ್ಲಿ 1968ರಲ್ಲಿ ನಡೆದದ್ದೇ ಬೇರೆ. ಅಲ್ಲಿ ಟ್ಯಾಂಕು ಹತ್ತಿ ಬಂದ ಸೈನಿಕರು ಅಮೆರಿಕದ ಎಣ್ಣೆ ಕಂಪನಿಯನ್ನು ಹೊರಗೆ ಹಾಕಿದರು. ಜಮೀನ್ದಾರರ ಜಮೀನು ಕಿತ್ತುಕೊಂಡರು. ದೇಶದ ಕಮ್ಯುನಿಸ್ಟರೇ ಕಣ್ಣು ಉಜ್ಜಿಕೊಂಡು ನೋಡಬೇಕಾಯಿತು.

ಕತೆ ಶುರುವಾಗುವುದು ಒಂದು ಕಾಗದದಿಂದ. ಪೆರುವಿನ ಉತ್ತರ ತುದಿಯ ತಲಾರಾದಲ್ಲಿ ಎಣ್ಣೆ ಬಾವಿಗಳಿದ್ದವು. ಅವು ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್‌ಗೆ ಸೇರಿದ ಕಂಪನಿಯೊಂದರ ಕೈಲಿದ್ದವು. ತೆರಿಗೆ ಎಷ್ಟು, ಬಾವಿ ಯಾರದ್ದು ಅಂತ ಹತ್ತಾರು ವರ್ಷಗಳ ಜಗಳ. 1968ರ ಆಗಸ್ಟ್‌ನಲ್ಲಿ ಅಧ್ಯಕ್ಷ ಫೆರ್ನಾಂಡೊ ಬೆಲಾವುಂದೆ ಒಂದು ಒಪ್ಪಂದ ಮಾಡಿಕೊಂಡು, ಜಗಳ ಮುಗಿಯಿತು ಅಂದರು. ಮರು ತಿಂಗಳೇ ಸರ್ಕಾರಿ ಎಣ್ಣೆ ಸಂಸ್ಥೆಯ ಮುಖ್ಯಸ್ಥರು ಟಿವಿಯಲ್ಲಿ ಕೂತು, ಒಪ್ಪಂದದ ಹನ್ನೊಂದನೇ ಪುಟ ಕಾಣೆಯಾಗಿದೆ ಅಂದುಬಿಟ್ಟರು. ಕಂಪನಿ ಕಚ್ಚಾ ಎಣ್ಣೆಗೆ ಎಷ್ಟು ದರ ಕೊಡಬೇಕು ಅನ್ನುವುದು ಇದ್ದ ಪುಟವೇ ಅದು. ಅಂಥ ಪುಟ ನಿಜಕ್ಕೂ ಇತ್ತೋ ಇಲ್ಲವೋ ಅಂತ ಇವತ್ತಿಗೂ ವಾದ ಇದೆ. ಇದ್ದರೂ ಇಲ್ಲದಿದ್ದರೂ ಸರ್ಕಾರದ ಮರ್ಯಾದೆ ಅಲ್ಲಿಗೆ ಹೋಯಿತು. ಅಕ್ಟೋಬರ್ 3ರ ಬೆಳಗಿನ ಜಾವ ಲಿಮಾದ ಅರಮನೆಗೆ ಟ್ಯಾಂಕುಗಳು ಬಂದವು. ಬೆಲಾವುಂದೆಯವರನ್ನು ವಿಮಾನ ಹತ್ತಿಸಿ ಬ್ಯೂನಸ್ ಐರಿಸ್‌ಗೆ ಕಳಿಸಿದರು. ಆರು ದಿನ ಕಳೆದ ಮೇಲೆ ಸೈನ್ಯ ತಲಾರಾಕ್ಕೆ ಹೋಗಿ ಎಣ್ಣೆ ಬಾವಿಗಳನ್ನು ವಶ ಮಾಡಿಕೊಂಡಿತು.

ಇದರ ಹಿಂದೆ ಇದ್ದವರು ಜನರಲ್ ಹುವಾನ್ ವೆಲಾಸ್ಕೊ ಅಲ್ವರಾಡೊ. ಉತ್ತರದ ಪಿಯುರಾದ ಬಡ ಮನೆಯ ಹುಡುಗ. ಸೈನ್ಯ ಸೇರಬೇಕು ಅಂತ ಟಿಕೆಟ್ ಇಲ್ಲದೆ ಹಡಗಿನಲ್ಲಿ ಅವಿತು ಲಿಮಾಕ್ಕೆ ಬಂದವರು. 1929ರಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿ ಜನರಲ್ ಆದವರು. ಅಲ್ಲಿನ ಸೈನ್ಯದಲ್ಲಿ ಇಂಥವರು ಕಡಿಮೆ ಇರಲಿಲ್ಲ. ಲಿಮಾದ ದೊಡ್ಡ ಮನೆತನಗಳ ಮಕ್ಕಳು ಸೈನ್ಯಕ್ಕೆ ಹೋಗುತ್ತಿರಲಿಲ್ಲ. ಹೋಗುತ್ತಿದ್ದವರು ಸಣ್ಣ ಊರುಗಳ ಹುಡುಗರು. ದೊಡ್ಡವರ ಮೇಲೆ ಒಳಗೊಳಗೇ ಒಂದು ಸಿಟ್ಟು ಇಟ್ಟುಕೊಂಡೇ ಬೆಳೆದವರು.

ಬರೀ ಸಿಟ್ಟು ಅಂದರೆ ಅರ್ಧ ಸತ್ಯ. ಇನ್ನರ್ಧ ಭಯ. 60ರ ದಶಕದ ಶುರುವಿನಲ್ಲಿ ಕುಸ್ಕೊ ಹತ್ತಿರದ ಲಾ ಕನ್ವೆನ್ಸಿಯೊನ್ ಕಣಿವೆಯಲ್ಲಿ ಒಕ್ಕಲುಗಳು ಎದ್ದಿದ್ದರು. ಅಲ್ಲಿ ತುಂಡು ನೆಲ ಉಳಲು ಬೇಕಾದರೆ ಗೇಣಿಯಾಗಿ ಒಡೆಯನ ತೋಟದಲ್ಲಿ ಇಷ್ಟು ದಿನ ದುಡಿಯಬೇಕು. ಕಾಫಿಗೆ ಒಳ್ಳೇ ಬೆಲೆ ಬಂದಿತ್ತು. ತಮ್ಮ ಗಿಡದ ಕಾಫಿ ಕೊಯ್ಯುವ ಹೊತ್ತಿಗೇ ಒಡೆಯನ ಕರೆ. ಹೋಗುವುದಿಲ್ಲ ಅಂತ ಕೂತುಬಿಟ್ಟರು. ಅವರನ್ನು ಸಂಘಟಿಸಿದವರು ಉಗೊ ಬ್ಲಾಂಕೊ. 1963ರಲ್ಲಿ ಅವರನ್ನು ಜೈಲಿಗೆ ಹಾಕಿದರು. ಆದರೆ ಆ ಕಣಿವೆಗೆ ಮಾತ್ರ ಅನ್ವಯಿಸುವ ಹಾಗೆ ಭೂಸುಧಾರಣೆಯ ಕಾನೂನನ್ನೂ ತಂದರು. ತಂದದ್ದು ಅಂದಿನ ಸೈನಿಕ ಸರ್ಕಾರವೇ! 1965ರಲ್ಲಿ ಬೆಟ್ಟಗಳಲ್ಲಿ ಗೆರಿಲ್ಲಾ ಗುಂಪುಗಳು ಎದ್ದಾಗ ಸೈನ್ಯ ಕೆಲವೇ ತಿಂಗಳಲ್ಲಿ ಹೊಸಕಿ ಹಾಕಿತು. ಹೊಸಕಿ ಹಾಕಿದ ಅಧಿಕಾರಿಗಳೇ ಆಮೇಲೆ ಯೋಚನೆಗೆ ಬಿದ್ದರು. ಈ ಹಳ್ಳಿಗಳ ಸ್ಥಿತಿ ನೋಡಿದರೆ ಮುಂದಿನ ಸಲ ನಾವು ಗೆಲ್ಲುತ್ತೇವಾ? ಕ್ಯೂಬಾದಲ್ಲಿ ಆದದ್ದು ಇಲ್ಲಿ ಆಗಬಾರದು ಅಂದರೆ ಏನು ಮಾಡಬೇಕು? 1950ರಲ್ಲೇ ಸೈನ್ಯ ಒಂದು ಉನ್ನತ ಅಧ್ಯಯನ ಕೇಂದ್ರ ಮಾಡಿಕೊಂಡಿತ್ತು. ಯುದ್ಧತಂತ್ರದ ಜೊತೆಗೆ ದೇಶದ ಆರ್ಥಿಕತೆಯನ್ನೂ ಅಲ್ಲಿ ಕರ್ನಲ್‌ಗಳು ಓದುತ್ತಿದ್ದರು. ದೊಡ್ಡ ಜಮೀನ್ದಾರಿಯೇ ದೇಶದ ಭದ್ರತೆಗೆ ಅಪಾಯ ಅನ್ನುವ ತೀರ್ಮಾನ ಮೆಲ್ಲಗೆ ಸೈನ್ಯದೊಳಗೆ ಬೇರು ಬಿಟ್ಟಿತು.

ಈ ಮಾತು ನೆನಪಿಟ್ಟುಕೊಳ್ಳಿ. ರೈತನ ಮೇಲಿನ ಪ್ರೀತಿಯೂ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ರೈತ ತಾನಾಗಿಯೇ ಏಳುವ ಮೊದಲು ನಾವೇ ಮೇಲಿನಿಂದ ಮಾಡಿ ಮುಗಿಸಬೇಕು ಅನ್ನುವ ಲೆಕ್ಕ ಅದಕ್ಕಿಂತ ಜಾಸ್ತಿ ಇತ್ತು. ಮುಂದೆ ಆದದ್ದೆಲ್ಲ ಈ ಲೆಕ್ಕದಿಂದಲೇ ಆದದ್ದು ಅಂತ ನನಗನ್ನಿಸುತ್ತದೆ.

ಜಮೀನು ಯಾರ ಕೈಲಿತ್ತು? 1961ರ ಕೃಷಿ ಗಣತಿಯ ಪ್ರಕಾರ ನೂರಕ್ಕೆ ಒಂದು ಕೂಡ ಇಲ್ಲದಷ್ಟು ಹಿಡುವಳಿಗಳಲ್ಲೇ ದೇಶದ ಮುಕ್ಕಾಲು ಪಾಲು ಭೂಮಿ ಇತ್ತು. ಈ ದೊಡ್ಡ ಜಮೀನುಗಳಿಗೆ ಅಸಿಯೆಂದಾ ಅನ್ನುತ್ತಾರೆ. ಬೆಟ್ಟದ ಅಸಿಯೆಂದಾಗಳಲ್ಲಿ ಬಿಟ್ಟಿ ಚಾಕರಿ ಇತ್ತು. ಒಕ್ಕಲು ಮನೆಯವರು ಸರದಿಯಂತೆ ಒಡೆಯನ ಮನೆಗೆ ಬಂದು ಗೇಯಬೇಕು. ಹಾಗೆ ಬಂದವನಿಗೆ ಪೊಂಗೊ ಅಂತ ಹೆಸರು. ಬೆಟ್ಟದ ಮೂಲನಿವಾಸಿಗಳ ಕೆಚುವಾ ಭಾಷೆಯಲ್ಲಿ ಪುಂಕು ಅಂದರೆ ಬಾಗಿಲು. ಬಾಗಿಲಲ್ಲಿ ಇರುವವನು, ರಾತ್ರಿ ಬಾಗಿಲಲ್ಲೇ ಮಲಗುವವನು. ಓದು ಬರಹ ಬಾರದವರಿಗೆ ವೋಟಿನ ಹಕ್ಕೂ ಇರಲಿಲ್ಲ. ಅಂದರೆ ಕೆಚುವಾ ಮಾತಾಡುವ ಲಕ್ಷಾಂತರ ಜನ ಚುನಾವಣೆಯ ಲೆಕ್ಕಕ್ಕೇ ಇಲ್ಲ.

ಈಗ 1969ರ ಜೂನ್ 24ಕ್ಕೆ ಬರೋಣ. ಆ ದಿನವನ್ನು ಅದುವರೆಗೆ 'ಇಂಡಿಯನ್ನನ ದಿನ' ಅಂತ ಆಚರಿಸುತ್ತಿದ್ದರು. ವೆಲಾಸ್ಕೊ ಅದನ್ನು 'ರೈತರ ದಿನ' ಅಂತ ಬದಲಿಸಿದರು. ಅಲ್ಲಿ ಇಂಡಿಯನ್ ಅನ್ನುವ ಪದ ಬೈಗುಳವೇ ಆಗಿಹೋಗಿತ್ತು. ಸರ್ಕಾರಿ ಕಾಗದಗಳಲ್ಲೂ 'ಮೂಲನಿವಾಸಿ ಸಮುದಾಯ' ಹೋಗಿ 'ರೈತ ಸಮುದಾಯ' ಬಂತು. ಅದೇ ದಿನ 17716ನೇ ನಂಬರಿನ ಭೂಸುಧಾರಣೆ ಕಾನೂನು ಹೊರಟಿತು. ರೇಡಿಯೋದಲ್ಲಿ ವೆಲಾಸ್ಕೊ ಭಾಷಣ ಮುಗಿಸಿದ್ದು ಈ ಮಾತಿನಿಂದ: "ರೈತನೇ, ಒಡೆಯ ಇನ್ನು ನಿನ್ನ ಬಡತನವನ್ನು ಉಣ್ಣಲಾರ!" ಇದು ಟುಪಾಕ್ ಅಮಾರುವಿನ ಮಾತು ಅಂತ ಹೇಳಿದರು. 1780ರಲ್ಲಿ ಸ್ಪೇನಿನವರ ವಿರುದ್ಧ ಎದ್ದು, ಮರುವರ್ಷ ಕುಸ್ಕೊದ ಚೌಕದಲ್ಲಿ ಕೊಲೆಯಾದ ನಾಯಕ ಅವನು. ಅವನು ನಿಜಕ್ಕೂ ಹಾಗೆ ಅಂದಿದ್ದನೇ ಅಂತ ಇತಿಹಾಸ ಬಲ್ಲವರು ಅನುಮಾನ ಪಡುತ್ತಾರೆ. ಆದರೂ ಮಾತು ನಿಂತಿತು. ಅಗಲ ಟೋಪಿ ಹಾಕಿದ ಟುಪಾಕ್ ಅಮಾರುವಿನ ಮುಖ ಪೋಸ್ಟರುಗಳಲ್ಲಿ, ಗೋಡೆಗಳಲ್ಲಿ, ಸರ್ಕಾರಿ ಕಾಗದಗಳಲ್ಲಿ ಎಲ್ಲೆಲ್ಲೂ ಬಂತು.

ಇಲ್ಲೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಈ ಭಾಷಣಕ್ಕೆ ಎರಡು ಮೂರು ದಿನ ಮೊದಲು ಅಯಕುಚೊ ಪ್ರದೇಶದ ಉವಾಂತಾ ಎಂಬ ಊರಲ್ಲಿ ಗೋಲಿಬಾರ್ ನಡೆದಿತ್ತು. ಶಾಲೆಯಲ್ಲಿ ಫೇಲಾದ ಮಕ್ಕಳಿಗೆ ಫೀಸು ಹಾಕುತ್ತೇವೆ ಅಂತ ಇದೇ ಸರ್ಕಾರ ಆದೇಶ ಮಾಡಿತ್ತು. ಮಕ್ಕಳೂ ರೈತರೂ ಬೀದಿಗಿಳಿದರು. ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಆ ಗಲಾಟೆಯಲ್ಲಿ ಬಂಧನವಾದವರಲ್ಲಿ ಅಬಿಮಾಯೆಲ್ ಗುಸ್ಮಾನ್ ಎಂಬ ಪ್ರೊಫೆಸರ್ ಕೂಡ ಇದ್ದ. ಮುಂದೆ 'ಹೊಳೆಯುವ ಹಾದಿ' ಅನ್ನುವ, ಬಂದೂಕು ಹಿಡಿದ ಭಯಂಕರ ಮಾವೋವಾದಿ ಪಕ್ಷ ಕಟ್ಟಿದವನು ಅವನೇ. ಒಂದೇ ವಾರದಲ್ಲಿ ಗುಂಡೂ ಬಂತು, ಭೂಮಿಯೂ ಬಂತು.

ಕಾನೂನು ಹೇಳಿದ್ದು ಸರಳ. ಕರಾವಳಿಯ ನೀರಾವರಿ ಜಮೀನಾದರೆ ಒಬ್ಬನಿಗೆ 150 ಹೆಕ್ಟೇರ್, ಅಂದರೆ ಸುಮಾರು 370 ಎಕರೆ. ಅದಕ್ಕಿಂತ ಹೆಚ್ಚಿದ್ದರೆ ಸರ್ಕಾರಕ್ಕೆ. ಹಿಂದೆ ಬೆಲಾವುಂದೆ ಕಾಲದಲ್ಲೂ 1964ರಲ್ಲಿ ಭೂಸುಧಾರಣೆ ಕಾನೂನು ಬಂದಿತ್ತು. ಆದರೆ ಕಬ್ಬಿನ ದೊಡ್ಡ ಜಮೀನುಗಳನ್ನು ಮುಟ್ಟುವಂತಿರಲಿಲ್ಲ. ಕಾರ್ಖಾನೆ ಇರುವ ಜಮೀನನ್ನು ಒಡೆದರೆ ಉತ್ಪಾದನೆ ಹೋಗುತ್ತದೆ ಅಂತ ನೆಪ. ಈ ಸಲ ಸೈನಿಕರು ಮೊದಲು ಕೈ ಹಾಕಿದ್ದೇ ಅದಕ್ಕೆ. ಕಾನೂನು ಬಂದ ಎರಡೇ ದಿನದಲ್ಲಿ ಉತ್ತರ ಕರಾವಳಿಯ ಸಕ್ಕರೆ ಎಸ್ಟೇಟುಗಳಿಗೆ ಸರ್ಕಾರದವರು ನುಗ್ಗಿದರು. ಜರ್ಮನ್ ಮೂಲದ ಗಿಲ್ಡೆಮೈಸ್ಟರ್ ಮನೆತನದ ಕಾಸಾ ಗ್ರಾಂದೆ, ಅಮೆರಿಕದ ಗ್ರೇಸ್ ಕಂಪನಿಯ ಪರಮೊಂಗಾ, ಹೀಗೆ ಒಂದೊಂದೇ. ಕಾಸಾ ಗ್ರಾಂದೆ ಅಂದರೆ 'ದೊಡ್ಡ ಮನೆ'. ಹೆಸರಿಗೆ ತಕ್ಕ ಹಾಗೆ ಕಾರ್ಖಾನೆ, ರೈಲು, ಅಂಗಡಿ, ಆಸ್ಪತ್ರೆ ಎಲ್ಲ ಇದ್ದ ಒಂದು ಊರೇ ಅದು.

ಸಕ್ಕರೆಯಿಂದಲೇ ಯಾಕೆ ಶುರು ಮಾಡಿದರು ಅನ್ನುವುದರಲ್ಲಿ ಒಂದು ಒಳಸುಳಿ ಇದೆ. ಅಲ್ಲಿನ ಕಾರ್ಮಿಕ ಸಂಘಗಳು ಆಪ್ರಾ ಪಕ್ಷದ ಕೋಟೆ. 1932ರಲ್ಲಿ ತ್ರುಹಿಯೊ ನಗರದಲ್ಲಿ ಆಪ್ರಾ ದಂಗೆಕೋರರು ಸೈನ್ಯದ ಅಧಿಕಾರಿಗಳನ್ನು ಕೊಂದಿದ್ದರು. ಪ್ರತೀಕಾರವಾಗಿ ಸೈನ್ಯ ನೂರಾರು ಜನರನ್ನು ಗುಂಡಿಟ್ಟು ಕೊಂದಿತ್ತು. ಆ ದ್ವೇಷ ಮೂವತ್ತೇಳು ವರ್ಷವಾದರೂ ಆರಿರಲಿಲ್ಲ. ಹಾಗಾಗಿ ಒಡೆಯನ ಕಾಲು ಮುರಿದ ಏಟಿನಲ್ಲೇ ಆಪ್ರಾ ಸಂಘದ ಕಾಲನ್ನೂ ಮುರಿಯಬಹುದು ಅಂತ ಲೆಕ್ಕ ಹಾಕಿದರು. ಎಸ್ಟೇಟುಗಳನ್ನು ಸಹಕಾರಿ ಸಂಘಗಳಾಗಿ ಮಾಡಿದರು. ಕೆಲಸಗಾರರೇ ಮಾಲೀಕರು ಅಂದರು. ಆದರೆ ಮೊದಮೊದಲು ಕಾರ್ಮಿಕ ಸಂಘದ ಮುಖಂಡರು ಆಡಳಿತ ಮಂಡಳಿಗೆ ನಿಲ್ಲುವ ಹಾಗಿರಲಿಲ್ಲ. ಪ್ರತಿನಿಧಿಗಳಲ್ಲಿ ಕೆಲವರನ್ನು ಸರ್ಕಾರವೇ ಹಾಕುತ್ತಿತ್ತು. ಮಾಲೀಕರಾದ ಕೆಲಸಗಾರರು ತಮ್ಮದೇ ಕಾರ್ಖಾನೆಯಲ್ಲಿ ಮುಷ್ಕರ ಹೂಡಿದರು. 1972ರ ಹೊತ್ತಿಗೆ ಸರ್ಕಾರ ಮಣಿದು ಚುನಾವಣೆಗೆ ಒಪ್ಪಬೇಕಾಯಿತು.

ಇನ್ನೊಂದು ಸಂಗತಿ. ಸಹಕಾರಿ ಸಂಘದ ಸದಸ್ಯರಾದದ್ದು ಕಾಯಂ ಕೆಲಸಗಾರರು ಮಾತ್ರ. ಕಬ್ಬು ಕಡಿಯಲು, ಹತ್ತಿ ಬಿಡಿಸಲು ಬೆಟ್ಟದಿಂದ ಇಳಿದು ಬರುವ ಸೀಸನ್ ಕೂಲಿಗಳಿಗೆ ಏನೂ ಸಿಗಲಿಲ್ಲ. ಹೊಸ ಮಾಲೀಕರೂ ಅವರನ್ನು ಕೂಲಿಗಳಾಗಿಯೇ ಇಟ್ಟುಕೊಂಡರು. ನಿನ್ನೆ ತನಕ ಜೊತೆಗೆ ಕಬ್ಬು ಕಡಿದವನು ಇವತ್ತು ಮಾಲೀಕನಾಗಿ ಹಾಜರಿ ಬರೆಯುತ್ತಾನೆ ಅಂದರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಇಷ್ಟೆಲ್ಲ ಆದರೂ ಆಗಿದ್ದು ಸಣ್ಣ ಕೆಲಸವಲ್ಲ. ಹತ್ತು ವರ್ಷದಲ್ಲಿ ಸುಮಾರು 90 ಲಕ್ಷ ಹೆಕ್ಟೇರ್ ಭೂಮಿ ಕೈ ಬದಲಾಯಿತು. ಸುಮಾರು 3 ಲಕ್ಷ 70 ಸಾವಿರ ಕುಟುಂಬಗಳಿಗೆ ಒಂದಲ್ಲ ಒಂದು ರೀತಿಯಲ್ಲಿ ಪಾಲು ಸಿಕ್ಕಿತು. ಆಗ ಇಡೀ ಪೆರುವಿನ ಜನಸಂಖ್ಯೆಯೇ ಒಂದೂವರೆ ಕೋಟಿಯ ಒಳಗೆ. ಬೆಟ್ಟದ ಜಮೀನ್ದಾರ ಅನ್ನುವ ವರ್ಗ ಆ ದೇಶದ ನಕ್ಷೆಯಿಂದ ಅಳಿಸಿಹೋಯಿತು. ಬಿಟ್ಟಿ ಚಾಕರಿ ನಿಂತಿತು. 1975ರ ಮೇ 27ರಂದು ಕೆಚುವಾ ಸ್ಪ್ಯಾನಿಶ್ ಜೊತೆಗೆ ಆಡಳಿತ ಭಾಷೆ ಆಯಿತು. ಆಫೀಸುಗಳಲ್ಲಿ ಅದು ಎಷ್ಟು ಜಾರಿಗೆ ಬಂತು ಅಂತ ಕೇಳಬೇಡಿ.

"ಒಂದಲ್ಲ ಒಂದು ರೀತಿಯಲ್ಲಿ" ಅಂದೆ. ಅಲ್ಲೇ ಇರುವುದು ತೊಡಕು. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1974ರಲ್ಲಿ, ನಮ್ಮಲ್ಲಿ ಅರಸು ಸರ್ಕಾರ ತಿದ್ದುಪಡಿ ತಂದಾಗ ಗೇಣಿದಾರ ಏಳನೇ ನಮೂನೆ ತುಂಬಿ ನ್ಯಾಯಮಂಡಳಿಗೆ ಕೊಟ್ಟ. ಗೆದ್ದರೆ ಪಹಣಿಯಲ್ಲಿ ಅವನ ಹೆಸರು ಬಂತು. ಪೆರುವಿನಲ್ಲಿ ಹಾಗಲ್ಲ. ಅಲ್ಲಿ ಭೂಮಿಯ ಬಹುಪಾಲು ಹೋದದ್ದು ಸಂಘಗಳಿಗೆ, ಸರ್ಕಾರ ರೂಪಿಸಿದ ಸಂಸ್ಥೆಗಳಿಗೆ. ಜಮೀನು ತುಂಡು ಮಾಡಬಾರದು ಅನ್ನುವುದು ಸೈನಿಕರ ಹಟ.

ಇದು ಬೆಟ್ಟದಲ್ಲಿ ಏನು ಮಾಡಿತು ಅನ್ನುವುದಕ್ಕೆ ಒಂದು ಉದಾಹರಣೆ ಸಾಕು. ಮಧ್ಯ ಪೆರುವಿನ ಲಾ ಒರೊಯಾದಲ್ಲಿ ಅಮೆರಿಕದ ಸೆರ್ರೊ ದೆ ಪಾಸ್ಕೊ ಗಣಿ ಕಂಪನಿ 1922ರಲ್ಲಿ ಲೋಹ ಕರಗಿಸುವ ಕುಲುಮೆ ಹಾಕಿತು. ಅದರ ಹೊಗೆಗೆ ಸುತ್ತಲಿನ ಹುಲ್ಲುಗಾವಲು ಸುಟ್ಟುಹೋಯಿತು. ಕುರಿಗಳು ಸತ್ತವು. ದೂರು ಜಾಸ್ತಿಯಾದಾಗ ಕಂಪನಿ ಆ ನೆಲವನ್ನೇ ಕೊಂಡುಕೊಂಡಿತು. ಆಮೇಲೆ ಹೊಗೆ ತಗ್ಗಿ ಹುಲ್ಲು ಮತ್ತೆ ಚಿಗುರಿತು. ಗಣಿ ಕಂಪನಿ ದೇಶದ ದೊಡ್ಡ ಕುರಿ ಸಾಕಣೆದಾರನೂ ಆಯಿತು! ಸೈನಿಕರು ಇದನ್ನು ಕಿತ್ತುಕೊಂಡು ಟುಪಾಕ್ ಅಮಾರು ಹೆಸರಿನ ಸಂಸ್ಥೆ ಮಾಡಿದರು. ಸುತ್ತಲಿನ ರೈತ ಸಮುದಾಯಗಳು ಅದರ ಪಾಲುದಾರರು. ಲಾಭದಲ್ಲಿ ಪಾಲು ಬರುತ್ತದೆ, ಶಾಲೆ ಕಟ್ಟಿಕೊಳ್ಳಿ, ರಸ್ತೆ ಮಾಡಿಕೊಳ್ಳಿ ಅಂದರು. ಹುಲ್ಲುಗಾವಲು ಮಾತ್ರ ಸಂಸ್ಥೆಯದ್ದೇ. ನಡೆಸುವವರು ಪಶುವೈದ್ಯರು, ಎಂಜಿನಿಯರುಗಳು.

ಆ ಸಂಸ್ಥೆಗಳ ಕುರಿಗಾಹಿಗಳಿಗೂ ಒಂದು ತಕರಾರು ಇತ್ತು. ಹಳೇ ಅಸಿಯೆಂದಾದಲ್ಲಿ ಕೂಲಿ ಕಮ್ಮಿ, ಆದರೆ ಒಡೆಯನ ಹುಲ್ಲಿನಲ್ಲೇ ತಮ್ಮ ಸ್ವಂತ ಕುರಿ ಮೇಯಿಸುವ ರೂಢಿ. ಈ ಸ್ವಂತ ಕುರಿಗಳಿಗೆ ವಾಕ್ಚಾ ಅನ್ನುತ್ತಾರೆ. ಆ ಪದಕ್ಕೆ ಕೆಚುವಾದಲ್ಲಿ ಬಡವ, ತಬ್ಬಲಿ ಅಂತ ಅರ್ಥ. ಹೊಸ ಎಂಜಿನಿಯರಿಗೆ ಈ ತಬ್ಬಲಿ ಕುರಿಗಳು ಕಣ್ಣುರಿ. ಜಾತಿ ಕುರಿಗೆ ರೋಗ ತರುತ್ತವೆ, ಹುಲ್ಲು ತಿನ್ನುತ್ತವೆ, ಇವನ್ನು ತೆಗೆಯಬೇಕು. ಪುಸ್ತಕದ ಪ್ರಕಾರ ಅವರು ಹೇಳಿದ್ದು ಸರಿಯೇ. ಆದರೆ ಕುರಿಗಾಹಿಯ ಕಡೆಯಿಂದ ನೋಡಿ. ಒಡೆಯ ಕೂಡ ಬಿಟ್ಟಿದ್ದನ್ನು ಕ್ರಾಂತಿ ಬಂದು ಕಿತ್ತುಕೊಳ್ಳುತ್ತಿದೆ. ಪಕ್ಕದ ಸಮುದಾಯದವರದ್ದು ಇನ್ನೊಂದು ಮಾತು: ಈ ಹುಲ್ಲು ನಮ್ಮ ಅಜ್ಜಂದಿರದ್ದು, ನಮಗೆ ಹುಲ್ಲು ಕೊಡಿ, ಲಾಭದ ಚೆಕ್ಕು ಯಾರಿಗೆ ಬೇಕು?

ಬೀಗದ ಕೈ ಅಂತ ನಾನು ಹೇಳಿದ್ದು ಇದನ್ನೇ. ಒಡೆಯನಿಂದ ಅದನ್ನು ಕಿತ್ತುಕೊಂಡ ಸೈನಿಕ ತನ್ನ ಜೇಬಿಗೆ ಹಾಕಿಕೊಂಡ. 1971ರಲ್ಲಿ ಜನರನ್ನು ಸಂಘಟಿಸಲು ಸರ್ಕಾರವೇ ಒಂದು ಸಂಸ್ಥೆ ಮಾಡಿತು. ಅದರ ಚಿಕ್ಕ ಹೆಸರು ಸಿನಾಮೊಸ್. ಬಿಡಿಸಿ ಓದಿದರೆ ಸ್ಪ್ಯಾನಿಶ್‌ನಲ್ಲಿ 'ಒಡೆಯರಿಲ್ಲದೆ' ಅಂತ ಅರ್ಥ. ಅದರ ಮುಖ್ಯಸ್ಥ ಒಬ್ಬ ಜನರಲ್! ಜೈಲಿನಲ್ಲಿದ್ದ ಉಗೊ ಬ್ಲಾಂಕೊಗೆ 1970ರಲ್ಲಿ ಕ್ಷಮಾದಾನ ಕೊಟ್ಟರು, ಮರುವರ್ಷ ಗಡೀಪಾರು ಮಾಡಿದರು. 1974ರಲ್ಲಿ ಅಂದಾವಾಯ್ಲಾಸ್‌ನ ರೈತರು, ಸರ್ಕಾರ ಬರುವ ತನಕ ಕಾಯುವುದಿಲ್ಲ ಅಂತ ತಾವೇ ಹತ್ತಾರು ಅಸಿಯೆಂದಾಗಳಿಗೆ ನುಗ್ಗಿ ಉತ್ತರು. ಅವರು ಮಾಡಿದ್ದು ಕಾನೂನು ಹೇಳಿದ್ದನ್ನೇ. ಆದರೂ ಪೊಲೀಸರು ಬಂದರು, ಮುಖಂಡರು ಜೈಲಿಗೆ ಹೋದರು. ಅದೇ ವರ್ಷ ಜುಲೈನಲ್ಲಿ ಲಿಮಾದ ದಿನಪತ್ರಿಕೆಗಳನ್ನು ವಶ ಮಾಡಿಕೊಂಡರು. ಪ್ರತಿಯೊಂದು ಪತ್ರಿಕೆಯನ್ನು ಒಂದೊಂದು ಜನವರ್ಗಕ್ಕೆ ಕೊಡುತ್ತೇವೆ ಅಂದರು. ಹಳೇ ದೊಡ್ಡ ಪತ್ರಿಕೆ ಎಲ್ ಕೊಮೆರ್ಸಿಯೊ ರೈತರ ಪಾಲಿಗೆ ಬಂತು! ಅಲ್ಲೂ ಸಂಪಾದಕರನ್ನು ನೇಮಿಸಿದ್ದು ಸರ್ಕಾರವೇ.

ದುಡ್ಡಿನ ಕತೆ ಬೇಗ ಹೇಳಿಬಿಡುತ್ತೇನೆ. ಸಹಕಾರಿ ಸಂಘಗಳು ಭೂಮಿಯ ಬೆಲೆಯನ್ನು ಕಂತಿನಲ್ಲಿ ಸರ್ಕಾರಕ್ಕೆ ಕಟ್ಟಬೇಕಿತ್ತು. ಇನ್ನೊಂದು ಕಡೆ ಪೇಟೆಯವರಿಗೆ ಅಗ್ಗದಲ್ಲಿ ಊಟ ಸಿಗಲಿ ಅಂತ ಬೆಳೆಗಳ ಬೆಲೆ ಹಿಡಿದಿಟ್ಟರು. ರಫ್ತಿನಿಂದ ದುಡ್ಡು ತರುತ್ತಿದ್ದ ಆಂಚೊವೆಟಾ ಮೀನು ಸಮುದ್ರದಲ್ಲಿ 1972ರ ಸುಮಾರಿಗೆ ದಿಢೀರನೆ ಕಮ್ಮಿಯಾಯಿತು. ವಿದೇಶಿ ಸಾಲ ಏರಿತು. 1973ರಲ್ಲಿ ವೆಲಾಸ್ಕೊ ಕಾಯಿಲೆ ಬಿದ್ದು ಒಂದು ಕಾಲನ್ನೇ ಕತ್ತರಿಸಬೇಕಾಯಿತು. 1975ರ ಫೆಬ್ರವರಿಯಲ್ಲಿ ಪೊಲೀಸರೇ ಮುಷ್ಕರ ಹೂಡಿದಾಗ ಲಿಮಾ ಹೊತ್ತಿ ಉರಿಯಿತು. ಆಗಸ್ಟ್ 29ರಂದು ಜನರಲ್ ಮೊರಾಲೆಸ್ ಬೆರ್ಮೂದೆಸ್ ತಕ್ನಾ ನಗರದಿಂದ ಘೋಷಣೆ ಹೊರಡಿಸಿ ಅವರನ್ನು ಇಳಿಸಿದರು. ಯಾವ ರೈತರೂ ತಡೆಯಲು ಬರಲಿಲ್ಲ. ಬರುವುದಕ್ಕೆ ದಾರಿಯನ್ನೇ ಇಟ್ಟಿರಲಿಲ್ಲವಲ್ಲ. ಆದರೆ 1977ರ ಡಿಸೆಂಬರ್ 24ರಂದು ವೆಲಾಸ್ಕೊ ಸತ್ತಾಗ ಲಿಮಾದ ಬೀದಿಗಳಲ್ಲಿ ಜನಸಾಗರ ಸೇರಿತು. ಶವಪೆಟ್ಟಿಗೆಯನ್ನು ಜನ ಹೆಗಲ ಮೇಲೆ ಹೊತ್ತರು.

1980ರಲ್ಲಿ ಬೆಲಾವುಂದೆ ಮತ್ತೆ ಗೆದ್ದು ಬಂದರು. ಓದು ಬಾರದವರೂ ಮೊದಲ ಸಲ ವೋಟು ಹಾಕಿದ ಅಧ್ಯಕ್ಷೀಯ ಚುನಾವಣೆ ಅದು. ಆಮೇಲೆ ಕರಾವಳಿಯ ಸಂಘಗಳ ಸದಸ್ಯರು ತಾವಾಗಿಯೇ ಜಮೀನು ಹಂಚಿಕೊಳ್ಳಲು ಶುರು ಮಾಡಿದರು. ಒಂದೊಂದು ಕುಟುಂಬಕ್ಕೆ ಕೆಲವು ಎಕರೆ. ಸೈನಿಕರು ಬೇಡ ಅಂದಿದ್ದನ್ನೇ ಅವರು ಮಾಡಿಕೊಂಡರು. 80ರ ದಶಕದ ನಡುವೆ ಪುನೊದಲ್ಲಿ ಸಮುದಾಯಗಳು ಸಂಸ್ಥೆಗಳ ಹುಲ್ಲುಗಾವಲಿಗೆ ಕುರಿ ಹೊಡೆದುಕೊಂಡು ನುಗ್ಗಿದವು. ಮಧ್ಯ ಪೆರುವಿನಲ್ಲಿ ಇನ್ನೊಂದು ದೊಡ್ಡ ಸಂಸ್ಥೆ ಕಾಹುಯಿದೆಯನ್ನು 'ಹೊಳೆಯುವ ಹಾದಿ'ಯವರು ನಾಶ ಮಾಡಿದರು.

ಮಾತು ಮುಗಿದ ಮೇಲೆ ಹಿರಿಯರೊಬ್ಬರು ಕೇಳಿದರು: "ಜಮೀನ್ದಾರರಿಗೆ ಪರಿಹಾರ ಕೊಟ್ಟರಾ ಸಾರ್, ಸುಮ್ನೆ ಕಿತ್ತುಕೊಂಡರಾ?"

ಕೊಟ್ಟರು, ಬಾಂಡಿನಲ್ಲಿ. ಕೈಗೆ ಸ್ವಲ್ಪ ನಗದು, ಉಳಿದದ್ದು 20, 25, 30 ವರ್ಷದ ಬಾಂಡುಗಳು. ಆಮೇಲೆ ಬೆಲೆಯೇರಿಕೆ ಹೇಗೆ ಬಂತು ನೋಡಿ. 1985ರಲ್ಲಿ ಸಾವಿರ ಹಳೇ ಸೋಲ್‌ಗೆ ಒಂದು ಇಂತಿ ಅಂತ ಹೊಸ ನಾಣ್ಯ ಮಾಡಿದರು. 1991ರಲ್ಲಿ ಹತ್ತು ಲಕ್ಷ ಇಂತಿಗೆ ಒಂದು ಹೊಸ ಸೋಲ್. ಅಂದರೆ ನೂರು ಕೋಟಿ ಹಳೇ ಸೋಲ್ ಸೇರಿ ಒಂದು ಹೊಸ ಸೋಲ್. ಬಾಂಡುಗಳು ರದ್ದಿ ಕಾಗದವಾದವು. 2001ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಇವತ್ತಿನ ಬೆಲೆ ಲೆಕ್ಕ ಹಾಕಿ ಕೊಡಬೇಕು ಅಂದಿತು. ಅಷ್ಟರ ನಂತರ ಅಮೆರಿಕದ ಹೂಡಿಕೆ ಸಂಸ್ಥೆಯೊಂದು ಹಳೇ ಬಾಂಡುಗಳನ್ನು ಕೊಂಡು ಪೆರುವಿನ ಮೇಲೆ ಅಂತರರಾಷ್ಟ್ರೀಯ ಮೊಕದ್ದಮೆ ಹೂಡಿತು. ಸಭೆಯಲ್ಲಿ ಇದಕ್ಕೆ ನಗು ಬಂತು. ನನಗೂ ಬರುತ್ತದೆ, ಆದರೆ ಸಣ್ಣ ಜಮೀನು ಕಳೆದುಕೊಂಡ ಮಧ್ಯಮ ವರ್ಗದ ಕುಟುಂಬಗಳೂ ಆ ಬಾಂಡು ಹಿಡಿದುಕೊಂಡು ಕೂತಿದ್ದವು.

ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿಯ ಪ್ರಶ್ನೆ: "ಈಗ ಆ ಕಾಸಾ ಗ್ರಾಂದೆ ಯಾರದ್ದು?"

ಸಕ್ಕರೆ ಸಂಘಗಳು ಸಾಲದಲ್ಲಿ ಮುಳುಗಿದ್ದವು. 1995ರ ಕಾನೂನು ಭೂಮಿತಿಯನ್ನೇ ತೆಗೆದುಹಾಕಿತು. ಮರುವರ್ಷ ಫುಜಿಮೊರಿ ಸರ್ಕಾರ ಸಕ್ಕರೆ ಸಂಘಗಳು ಶೇರು ಕಂಪನಿಗಳಾಗುವ ದಾರಿ ಮಾಡಿತು. 2006ರಲ್ಲಿ ಹಾಲಿನ ವ್ಯಾಪಾರದಿಂದ ಬೆಳೆದ ಗ್ಲೊರಿಯಾ ಗುಂಪು ಕಾಸಾ ಗ್ರಾಂದೆಯನ್ನು ಕೊಂಡುಕೊಂಡಿತು. ಕರಾವಳಿಯ ಮರಳುಗಾಡಿಗೆ ಕಾಲುವೆ ನೀರು ಬಂದಿದೆ. ಅಲ್ಲಿ ದೊಡ್ಡ ಕಂಪನಿಗಳು ಶತಾವರಿ, ಬ್ಲೂಬೆರಿ, ಬೆಣ್ಣೆಹಣ್ಣು ಬೆಳೆದು ರಫ್ತು ಮಾಡುತ್ತವೆ. 2020ರ ಕೊನೆಯಲ್ಲಿ ಇಕಾದಲ್ಲೂ ಉತ್ತರದ ವಿರು ಕಣಿವೆಯಲ್ಲೂ ಆ ತೋಟಗಳ ಕೂಲಿಗಳು ಹೆದ್ದಾರಿ ತಡೆದು ಕೂತರು. ಜಮೀನು ಬೇಕು ಅಂತ ಅಲ್ಲ. ದಿನಗೂಲಿ ಜಾಸ್ತಿ ಮಾಡಿ ಅಂತ.